ಬೇಡ ಅನ್ನುವವಳು

ಚೌಕಾಸಿಗೆ ಇಬ್ಬರು ಬೇಕು. ಒಬ್ಬಳು ಬೇಕು ಅನ್ನುವವಳು, ಇನ್ನೊಬ್ಬಳು ಬೇಡ ಅನ್ನುವವಳು. ಒಬ್ಬಳೇ ನಿಂತು ಎರಡನ್ನೂ ಆಡಿದರೆ ಅಂಗಡಿಯವನು ನಂಬುವುದಿಲ್ಲ. ಇದನ್ನು ನನಗೆ ಕಲಿಸಿದವಳು ನಮ್ಮಜ್ಜಿ ವೆಂಕಟಮ್ಮ. ಮೈಸೂರಿನ ದೇವರಾಜ ಮಾರ್ಕೆಟ್ಟಿಗೆ ಹೋಗುವಾಗ ಆರು ವರ್ಷದ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಅವಳು ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ "ಚೆನ್ನಾಗೇನೋ ಇದೆ ಕಣಪ್ಪ" ಅನ್ನುವಾಗ ನಾನು ಸೆರಗು ಜಗ್ಗಿ "ಬೇಡ ಬಾ ಅಜ್ಜಿ, ಹೋಗೋಣ" ಅಂತ ರಾಗ ಎಳೆಯಬೇಕು. ರಾಗ ಸರಿಯಾಗಿ ಬಂದ ದಿನ ನನಗೊಂದು ಸೀಬೆಹಣ್ಣು ಸಿಗುತ್ತಿತ್ತು.

ಇಪ್ಪತ್ತೊಂದು ವರ್ಷದ ಹಿಂದೆ ಮದುವೆಯಾಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿಗೆ ಬಂದಾಗ ನನ್ನ ಜೊತೆ ಬೇಡ ಅನ್ನುವವರು ಯಾರೂ ಇರಲಿಲ್ಲ. ನಮ್ಮನೆಯವರು, ವ್ಯಾಸರಾಜ, ಬೆಲೆಚೀಟಿ ಕಂಡರೆ ಕೈ ಮುಗಿಯುವ ಜಾತಿ. "ಇಲ್ಲೆಲ್ಲ ಫಿಕ್ಸೆಡ್ ಪ್ರೈಸು ಕಣೆ, ಮಾನ ತೆಗೀಬೇಡ" ಅನ್ನುತ್ತಾ ಹೋಗಿ ಕಾರಿನಲ್ಲಿ ಕೂತುಬಿಡುತ್ತಿದ್ದರು. ಆಗ ಎದುರು ಬಾಗಿಲಲ್ಲಿ ಸಿಕ್ಕವಳು ಬಿಲ್ಕೀಸ್. ಅವಳೂ ಮೈಸೂರಿನವಳು, ಮಂಡಿ ಮೊಹಲ್ಲಾದವಳು. ಗಂಡ ಜಲಾಲ್, ಕಂಕುಳಲ್ಲಿ ಪುಟ್ಟ ಮಗಳು ಅಲೀನಾ. ಮನೆ ಖಾಲಿ ಮಾಡುತ್ತಿದ್ದ ಯಾರೋ ಸೋಫಾ ಮಾರುತ್ತಿದ್ದಾರೆ ಅಂತ ತಿಳಿದು ನಾನು ಹೊರಟಾಗ, ಎತ್ತಿ ತರೋದಕ್ಕೆ ಒಂದು ಕೈ ಇರಲಿ ಅಂತ ಅವಳೂ ಬಂದಳು. ನಾನು ಸೋಫಾ ಸವರುತ್ತಾ "ಬಣ್ಣ ಚೆನ್ನಾಗಿದೆ" ಅನ್ನುತ್ತಿದ್ದೆ. ಅವಳು ಅದರ ಕಾಲನ್ನು ಒಮ್ಮೆ ಅಲ್ಲಾಡಿಸಿ, ಮೂಗು ಮುರಿದು, ಮಾರುವವನಿಗೆ ಕೇಳುವ ಹಾಗೆ ಇಂಗ್ಲಿಷಿನಲ್ಲೇ "ಬೇಡ, ನಡಿ ಹೋಗೋಣ" ಅಂದು ಬಾಗಿಲ ತನಕ ನಡೆದೇಬಿಟ್ಟಳು. ಯಾರೂ ಕಲಿಸಿರಲಿಲ್ಲ. ನನಗೆ ಮೈ ಜುಮ್ಮೆಂದಿತು. ನೂರಿಪ್ಪತ್ತರ ಸೋಫಾ ನಲವತ್ತೈದು ಡಾಲರಿಗೆ ಬಂತು, ಮೇಲೊಂದು ಟೇಬಲ್ ಲ್ಯಾಂಪು.

ಆಮೇಲೆ ನಾವಿಬ್ಬರೂ ಬಿಟ್ಟಿದ್ದು ಏನೂ ಇಲ್ಲ. ಹಾಸಿಗೆ ಅಂಗಡಿ, ಸೆಕೆಂಡ್ ಹ್ಯಾಂಡ್ ವ್ಯಾನು, ಪ್ಲಂಬರು, ಕಾರ್ಪೆಟ್ ತೊಳೆಯುವವನು, ಅಲೀನಾಳ ಈಜು ಕ್ಲಾಸು. ವರ್ಷಕ್ಕೊಮ್ಮೆ ಇಂಟರ್ನೆಟ್ ಕಂಪನಿಗೆ ಫೋನು. ನಾನು ಸ್ಪೀಕರಿನಲ್ಲಿ ಹಾಕಿ ಬೆಣ್ಣೆ ಹಚ್ಚುತ್ತಿದ್ದರೆ, ಹಿಂದಿನಿಂದ ಅವಳು ಈರುಳ್ಳಿ ಹೆಚ್ಚುತ್ತಾ "ಕ್ಯಾನ್ಸಲ್ ಇಟ್! ಜಸ್ಟ್ ಕ್ಯಾನ್ಸಲ್ ಇಟ್!" ಅಂತ ಕಿರುಚುವಳು. ಪಾಪ, ಆ ಕಡೆಯ ಹುಡುಗ ನನ್ನನ್ನು ಆ ರಾಕ್ಷಸಿಯಿಂದ ಕಾಪಾಡಲಿಕ್ಕಾದರೂ ಇಪ್ಪತ್ತು ಡಾಲರು ಇಳಿಸುತ್ತಿದ್ದ. ಫೋನಿಟ್ಟ ಮೇಲೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನಗುತ್ತಿದ್ದೆವು. ಕನ್ನಡ ಬಳಗದಲ್ಲಿ ಯಾರಿಗೆ ಏನು ಕೊಳ್ಳಬೇಕಾದರೂ "ಪದ್ಮಜಾ-ಬಿಲ್ಕೀಸ್‌ನ ಕೇಳಿ" ಅನ್ನುವರು. ಎರಡು ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುವರು. ನಾವು ಸನಿವೇಲ್‌ನಲ್ಲಿ ಮನೆ ತೆಗೆದುಕೊಂಡು ಫ್ರೀವೇಯಲ್ಲಿ ಎರಡು ಎಕ್ಸಿಟ್ ದೂರ ಹೋದ ಮೇಲೂ ಅದು ಬದಲಾಗಿರಲಿಲ್ಲ.

ಹೋದ ಆಗಸ್ಟಿನಲ್ಲಿ ರಂಜನಿ ಬಂದಳು.

ಬೆಂಗಳೂರಿನವಳು. ನಾವು ಮೊದಲಿದ್ದ ಅದೇ ಬ್ಲಾಕಿನಲ್ಲಿ, ಬಿಲ್ಕೀಸ್ ಮನೆಯ ಮೇಲ್ಗಡೆ ಬಾಡಿಗೆಗೆ ಬಂದಳು. ರೆಡ್‌ವುಡ್ ಸಿಟಿಯ ಯಾವುದೋ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರೊಕ್ಯೂರ್‌ಮೆಂಟು. ಅಂದರೆ ಕಂಪನಿಗೆ ಬೇಕಾದ್ದನ್ನೆಲ್ಲ ಅಗ್ಗವಾಗಿ ಕೊಳ್ಳುವ ಕೆಲಸ. ನಾನು ಇಷ್ಟು ವರ್ಷ ಪುಕ್ಕಟೆ ಮಾಡಿದ್ದಕ್ಕೆ ಅವಳಿಗೆ ಸಂಬಳ. ಬಿಲ್ಕೀಸ್ ಮನೆಯಲ್ಲಿ ಚಹಾ ಕುಡಿಯುವಾಗ ಮೊದಲ ಸಲ ನೋಡಿದೆ. ನನಗಿಂತ ಹತ್ತೇ ವರ್ಷಕ್ಕೆ ಚಿಕ್ಕವಳು, ನನ್ನನ್ನು "ಆಂಟಿ" ಅಂದಳು. ನನಗಿಂತ ಎರಡು ತಿಂಗಳಿಗೆ ದೊಡ್ಡವಳಾದ ಬಿಲ್ಕೀಸಳನ್ನು ಮಾತ್ರ "ಬಿಲ್ಕೀಸ್" ಅಂದಳು. ಅಲ್ಲಿಂದಲೇ ನನಗೆ ಚಹಾ ರುಚಿಸಲಿಲ್ಲ.

"ಪದ್ಮಾ, ನನ್ ಹಲ್ಲಿನ ಬಿಲ್ ಇತ್ತಲ್ಲ, ರೂಟ್ ಕೆನಾಲ್‌ದು, ರಂಜನಿ ಅರ್ಧಕ್ಕೆ ಇಳಿಸಿಬಿಟ್ಲು ಕಣೆ!" ಅಂದಳು ಬಿಲ್ಕೀಸ್. ಅವಳ ಮುಖ ನೋಡಬೇಕಿತ್ತು. ಆ ಸೋಫಾ ಹೊತ್ತು ತಂದ ದಿನ ನನ್ನನ್ನು ನೋಡಿದ್ದ ಅದೇ ಮುಖ.

"ನಾನೇನೂ ಮಾಡ್ಲಿಲ್ಲ ಆಂಟಿ," ಅಂದಳು ರಂಜನಿ. "ಜಸ್ಟ್ ಒಂದ್ ಈಮೇಲ್ ಹಾಕ್ದೆ. ಯಾವ್ಯಾವುದಕ್ಕೆ ಎಷ್ಟೆಷ್ಟು ಅಂತ ಬಿಡಿಸಿ ಕೊಡಿ ಅಂತ ಕೇಳಿದ್ರೆ ಅರ್ಧ ಅವ್ರೇ ಇಳಿಸ್ತಾರೆ."

ಡಾಕ್ಟರ ಬಿಲ್ಲನ್ನೂ ಇಳಿಸಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನನ್ನ ವಿದ್ಯೆಯಲ್ಲಿ ನನಗೇ ಗೊತ್ತಿಲ್ಲದ ಕೋಣೆಯೊಂದಿತ್ತು, ಅದರ ಬಾಗಿಲನ್ನು ಇವಳು ನಿನ್ನೆ ಮೊನ್ನೆ ಬಂದು ತೆರೆದಳು. ಮನೆಗೆ ಬಂದವಳೇ ನನ್ನ ಹಲ್ಲಿನ ಡಾಕ್ಟರಿಗೂ ಒಂದು ಈಮೇಲ್ ಬರೆದೆ. ನಮ್ಮ ದರಗಳು ನಿಗದಿಯಾಗಿವೆ, ವಿಚಾರಿಸಿದ್ದಕ್ಕೆ ಧನ್ಯವಾದ ಅಂತ ಉತ್ತರ ಬಂತು. ಅದನ್ನು ಯಾರಿಗೂ ತೋರಿಸಲಿಲ್ಲ.

ನವೆಂಬರಿನಲ್ಲಿ ಒಂದು ಶನಿವಾರ ಗ್ರೋಸರಿ ಅಂಗಡಿಯ ಪಾರ್ಕಿಂಗಿನಲ್ಲಿ ಬಿಲ್ಕೀಸಳ ಕಾರು ಕಂಡಿತು. ನಾಲ್ಕು ಚಕ್ರಕ್ಕೂ ಕಪ್ಪಗೆ ಹೊಸ ಟೈರು.

"ಟೈರ್ ಹೊಸದಾ?" ಅಂತ ಕೇಳಿದೆ.

"ಹೂಂ ಕಣೆ, ಗುರುವಾರ ರಂಜನಿ ಜೊತೆ ಹೋಗಿ ಹಾಕಿಸ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಡೇಕೇರ್ ಇತ್ತಲ್ಲ. ಸುಮ್ನೆ ಯಾಕೆ ತೊಂದ್ರೆ ಅಂತ."

ತೊಂದರೆ! ಇಪ್ಪತ್ತು ವರ್ಷದಲ್ಲಿ ನಮ್ಮಿಬ್ಬರ ಮಧ್ಯೆ ಬರದ ಮಾತು. ನಾನು ಸನಿವೇಲ್‌ನ ಒಂದು ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ, ನಿಜ. ಆದರೆ ಅವಳ ವ್ಯಾನು ಕೊಳ್ಳುವಾಗ ಎರಡು ದಿನ ರಜೆ ಹಾಕಿದ್ದೆ. "ನಾನಿದ್ದಿದ್ರೆ ಅಲೈನ್‌ಮೆಂಟ್ ಫ್ರೀ ಮಾಡಿಸ್ತಿದ್ದೆ" ಅಂದೆ, ನಗುವಿನಲ್ಲೇ.

"ಅದನ್ನೂ ಫ್ರೀ ಮಾಡಿಸಿದ್ಲು ಕಣೆ ಅವ್ಳು," ಅಂದಳು ಬಿಲ್ಕೀಸ್, ಸಂತೋಷದಲ್ಲಿ.

ಹೊಟ್ಟೆಕಿಚ್ಚು ಅಂದರೆ ಸುಮ್ಮನೆ ಮಾತಿಗೆ ಅನ್ನುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಸರಿಯಾಗಿ ಎದೆಗೂಡಿನ ಕೆಳಗೆ, ಹಸಿಮೆಣಸಿನಕಾಯಿ ನುಂಗಿದಂತೆ ಉರಿಯುತ್ತದೆ. ಅಂದು ಕೊತ್ತಂಬರಿ ಸೊಪ್ಪು ಮರೆತು ಮನೆಗೆ ಬಂದೆ. ವ್ಯಾಸರಾಜರ ಹತ್ತಿರ ಹೇಳಿಕೊಂಡರೆ, "ಅವ್ರ ಟೈರು, ಅವ್ರ ದುಡ್ಡು, ನಿಂಗೇನೆ?" ಅಂದರು. ಗಂಡಸರಿಗೆ ಕೆಲವು ವಿಷಯ ಹೇಳಿ ಪ್ರಯೋಜನವಿಲ್ಲ.

ಜನವರಿಯಲ್ಲಿ ಬಿಲ್ಕೀಸಳ ಮಗಳು ಅಲೀನಾಳ ಮದುವೆ ಗೊತ್ತಾಯಿತು. ಅಲೀನಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಹುಡುಗ ಶಾರೀಕ್, ಬೆಂಗಳೂರಿನವರ ಮಗ, ಒಳ್ಳೆಯ ಹುಡುಗ. ಅಲೀನಾ ನನ್ನ ಮಡಿಲಲ್ಲಿ ಬೆಳೆದ ಮಗು. ನನಗೆ ಮಕ್ಕಳಿಲ್ಲ. ಇದನ್ನು ಹೇಳಿ ಯಾರ ಕನಿಕರವನ್ನೂ ಕೇಳುತ್ತಿಲ್ಲ. ಆ ಮದುವೆ ನನಗೆ ಎಷ್ಟು ನನ್ನದಾಗಿತ್ತು ಅಂತ ತಿಳಿಯಲಿ ಅಂತ ಹೇಳಿದೆ. ಅವಳ ಮದುವೆಯ ಛತ್ರ, ಹೂವು, ಊಟ ಎಲ್ಲವನ್ನೂ ಬಿಲ್ಕೀಸ್ ಮತ್ತು ನಾನು ಕೂತು ಇಳಿಸುವುದು ಅಂತ ಆ ಹುಡುಗಿ ಮೂರನೇ ಕ್ಲಾಸಿನಲ್ಲಿದ್ದಾಗಲೇ ಮಾತಾಗಿತ್ತು. ಬ್ಯಾಂಕ್ವೆಟ್ ಹಾಲುಗಳ ಹೆಸರು ಗುರುತು ಹಾಕಿಕೊಳ್ಳುತ್ತಾ ನಾನು ಅವಳ ಫೋನಿಗೆ ಕಾದೆ. ಎರಡು ವಾರ ಕಾದೆ. ಕೊನೆಗೆ ನಾನೇ ಮಾಡಿದೆ.

"ಶಾದಿಮಹಲ್ ನೋಡೋಕೆ ಯಾವಾಗ ಹೋಗೋಣ?"

"ಅದು... ರಂಜನಿ ನೋಡ್ತಿದ್ದಾಳೆ ಕಣೆ. ಮಿಲ್ಪಿಟಾಸ್‌ನಲ್ಲಿ ಒಂದು ಸಿಕ್ಕಿದೆ. ಜೂನ್ ಇಪ್ಪತ್ತಕ್ಕೆ. ನಮಾಜ್‌ಗೂ ಬೇರೆ ರೂಮಿದೆ. ಶಾರೀಕ್ ಅಪ್ಪ-ಅಮ್ಮಂಗೆ ಟಿಕೆಟ್ಟೂ ಆಗೋಯ್ತು. ಒಂಬತ್ತು ಸಾವಿರ ಹೇಳಿದ್ರು, ಅವ್ಳು ಈಮೇಲಲ್ಲೇ ಏಳೂವರೆಗೆ ತಂದಿದ್ದಾಳೆ. ಇನ್ನೊಂದ್ ವಾರದಲ್ಲಿ ಸೈನ್ ಮಾಡೋದು."

"ಓ, ಒಳ್ಳೇದಾಯ್ತು ಬಿಡು" ಅಂದೆ. ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅತ್ತು ಮುಗಿದ ಮೇಲೆ ಬುದ್ಧಿ ಬರಬೇಕಿತ್ತು. ಬಂದದ್ದು ಹಟ. ಏಳೂವರೆಯೇ? ಛತ್ರವನ್ನು ಕಣ್ಣಿಂದ ನೋಡದೆ, ಕಾರ್ಪೆಟ್ ಮೇಲಿನ ಕಲೆ ಎಣಿಸದೆ, ಕಂಪ್ಯೂಟರಿನ ಮುಂದೆ ಕೂತು ಬರೆದದ್ದಕ್ಕೆ ಏಳೂವರೆಗೆ ಇಳಿದಿದ್ದಾನೆ ಅಂದರೆ ಅವನು ಆರಕ್ಕೂ ಇಳಿಯುವ ಆಸಾಮಿ. ನಾನು ಫೋನು ಮಾಡಿ ಆರಕ್ಕೆ ಒಪ್ಪಿಸುತ್ತೇನೆ. ಆಮೇಲೆ ಏನೂ ಗೊತ್ತಿಲ್ಲದ ಹಾಗೆ ಬಿಲ್ಕೀಸಳಿಗೆ "ಯಾರೋ ಹೇಳಿದ್ರು, ಅಲ್ಲಿ ಆರಕ್ಕೆಲ್ಲ ಕೊಡ್ತಾರಂತಲ್ಲ" ಅನ್ನುತ್ತೇನೆ. ರಂಜನಿಯ ಮುಖ ಸಪ್ಪಗಾಗುವುದನ್ನು ನೋಡಬೇಕು ಅನ್ನುವ ಆಸೆ ಅಷ್ಟೇ. ಬಿಲ್ಕೀಸಳ ದುಡ್ಡು ಉಳಿಯಲಿ ಅಂತ ಮಾಡಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಮಾರನೆಯ ದಿನ ಡೇಕೇರಿನಲ್ಲಿ ಮಕ್ಕಳು ಮಲಗಿದ ಹೊತ್ತು, ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು ಆ ಛತ್ರಕ್ಕೆ ಫೋನು ಮಾಡಿದೆ. ಮ್ಯಾನೇಜರು ಮರ್ಯಾದಸ್ಥ. ಹೆಸರು ಕೇಳಿದ. ನಾನು ಅದಕ್ಕೆ ತಯಾರಾಗಿರಲಿಲ್ಲ. ನನ್ನ ಹೆಸರು ಹೇಳುವಂತಿಲ್ಲ, ಬೇರೆ ಯಾರದ್ದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು "ವೆಂಕಟಮ್ಮ". ಅವನು ಅಕ್ಷರ ಅಕ್ಷರ ಬಿಡಿಸಿ ಕೇಳಿ ಬರೆದುಕೊಂಡ.

ಯಾವ ತಾರೀಖು ಅಂದ. ಜೂನ್ ಇಪ್ಪತ್ತು ಅಂದೆ. ಬೇರೆ ತಾರೀಖು ಹೇಳಿದರೆ ಆ ದಿನದ ದರ ಬೇರೆ ಅಂತ ರಂಜನಿ ಜಾರಿಕೊಳ್ಳಬಹುದಲ್ಲ. ಮೊದಲು ಪಾರ್ಕಿಂಗಿನ ಬಗ್ಗೆ ಕೇಳಿದೆ, ಆಮೇಲೆ ಏರ್ ಕಂಡಿಷನ್ ಸರಿಯಾಗಿದೆಯೇ ಅಂತ ಕೇಳಿದೆ, ಕೊನೆಗೆ ಆರು ಸಾವಿರವಾದರೆ ಇವತ್ತೇ ಅಡ್ವಾನ್ಸ್ ಕೊಡುತ್ತೇನೆ ಅಂದೆ. ಆ ತಾರೀಖಿಗೆ ಇನ್ನೊಂದು ಕುಟುಂಬ ಮಾತಾಡುತ್ತಿದೆ, ಯೋಚನೆ ಮಾಡಿ ಹೇಳುತ್ತೇನೆ ಅಂದ. "ಅವರಿಗಿಂತ ನಾನು ಬೇಗ ಕೊಡುತ್ತೇನೆ, ನಮಗೆ ಅದೇ ದಿನ ಬೇಕು" ಅಂತ ಬೇರೆ ಸೇರಿಸಿದೆ. ಅಜ್ಜಿ ಇದ್ದಿದ್ದರೆ ತಲೆಯ ಮೇಲೊಂದು ಮೊಟಕುತ್ತಿದ್ದಳು. ಬದನೆಕಾಯಿ ರಾಶಿ ಇರುತ್ತದೆ, ಜೂನ್ ಇಪ್ಪತ್ತು ಒಂದೇ ಇರುತ್ತದೆ. ಒಂದೇ ಇರುವುದನ್ನು ಇಬ್ಬರು ಬೇಕು ಅಂದರೆ ಬೆಲೆ ಯಾವ ಕಡೆ ಹೋಗುತ್ತದೆ ಅನ್ನುವುದು ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಹುಡುಗಿಗೂ ಗೊತ್ತು. ಹೊಟ್ಟೆ ಉರಿಯುತ್ತಿರುವಾಗ ತಲೆ ಕೆಲಸ ಮಾಡುವುದಿಲ್ಲ.

ಮೂರು ದಿನ ಕಳೆದು ಬಿಲ್ಕೀಸ್ ಫೋನು ಮಾಡಿದಳು. ದನಿ ಬಿದ್ದುಹೋಗಿತ್ತು.

"ಪದ್ಮಾ, ಎಲ್ಲಾ ಹಾಳಾಯ್ತು ಕಣೆ. ಬೇರೆ ಯಾರೋ ಅದೇ ದಿನ ಕೇಳ್ತಿದ್ದಾರಂತೆ. ಏಳೂವರೆ ಆಗಲ್ಲ, ಒಂಬತ್ತೇ ಕೊಡ್ಬೇಕು, ಅದೂ ಶುಕ್ರವಾರದೊಳಗೆ ಅಂತ ಬರ್ದಿದ್ದಾನೆ. ಆ ಹೆಂಗ್ಸು ಅಡ್ವಾನ್ಸ್ ಕೊಟ್ಬಿಟ್ರೆ ಡೇಟೇ ಹೋಗತ್ತೆ. ಬೇರೆಲ್ಲ ಕೇಳಿದ್ವಿ, ಜೂನಲ್ಲಿ ಒಂದೂ ಖಾಲಿ ಇಲ್ಲ. ರಂಜನಿ ಈಮೇಲ್ ಮೇಲೆ ಈಮೇಲ್ ಹಾಕಿದ್ಲು, ಅವನು ಜಗ್ತಿಲ್ಲ. ನೀನೇ ಬರ್ಬೇಕು ಪದ್ಮಾ. ನೀನು ಬಂದ್ರೆ ಆಗತ್ತೆ."

ನನಗೆ ಮೊದಲು ಬಂದದ್ದು ಸಂತೋಷ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ಅದೇ. ಯಾರೂ ಇಲ್ಲದಿದ್ದರೆ ಹಳೇ ಗಂಡನ ಪಾದವೇ ಗತಿ ಅಂತಾರಲ್ಲ, ಬಂದಳು ನೋಡು ಅಂದುಕೊಂಡೆ. ಈಮೇಲಿಗೆ ಜಗ್ಗಲಿಲ್ಲವಂತೆ! ಒಂದು ನಿಮಿಷ ನಾನು ಅಡುಗೆಮನೆಯಲ್ಲಿ ನೆಲದಿಂದ ಎರಡು ಇಂಚು ಮೇಲಿದ್ದೆ. ಆ ಹೆಂಗಸು ಯಾರು ಅಂತ ನೆನಪಾದದ್ದು ಆಮೇಲೆ.

ಆಗಲೇ ಹೇಳಿಬಿಡಬಹುದಿತ್ತು. "ಬಿಲ್ಕೀಸ್, ಅದು ನಾನು ಕಣೆ, ತಲೆ ಕೆಟ್ಟು ಮಾಡಿದೆ." ಹತ್ತು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಅವಳು "ನೀನೇ ಬರ್ಬೇಕು" ಅಂದಿದ್ದಳು. ಆ ಮಾತನ್ನು ಕೇಳಿ ಆರು ತಿಂಗಳಾಗಿತ್ತು, ಕೈಗೆ ಬಂದದ್ದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. "ಶುಕ್ರವಾರ ಬೆಳಿಗ್ಗೆ ಹೋಗೋಣ. ನಾನಿದ್ದೀನಿ, ಹೆದರ್ಬೇಡ" ಅಂದೆ.

ಉಪಾಯವೂ ಹೊಳೆಯಿತು. ಶುಕ್ರವಾರ ಬೆಳಗಾಗುತ್ತಿದ್ದಂತೆ ಛತ್ರಕ್ಕೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ವೆಂಕಟಮ್ಮನಿಗೆ ಆ ತಾರೀಖು ಬೇಡವಾಗಿದೆ ಅಂತ ಸಂದೇಶ ಬಿಟ್ಟೆ. ಇನ್ನು ಅವನ ಕೈ ಖಾಲಿ. ನಾನು ಹೋಗಿ ಮಾತಾಡುತ್ತೇನೆ, ಅವನು ಇಳಿಯುತ್ತಾನೆ, ಇಳಿಸಿದವಳು ನಾನಾಗುತ್ತೇನೆ. ಚಿನ್ನದ ಬಣ್ಣದ ಅಂಚಿನ ಸೀರೆ ಉಟ್ಟು ಹೊರಟೆ. ವ್ಯಾಸರಾಜರು "ಏನು, ಯಾರ ಮದುವೆ ಇವತ್ತು?" ಅಂದರು.

ಛತ್ರದ ಬಾಗಿಲಲ್ಲಿ ಬಿಲ್ಕೀಸ್ ಕಾಯುತ್ತಿದ್ದಳು, ಪಕ್ಕದಲ್ಲಿ ಅಲೀನಾ, ಲ್ಯಾಬಿಗೆ ರಜೆ ಹಾಕಿ ಬಂದಿದ್ದಳು. ರಂಜನಿಯೂ ಇದ್ದಳು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. "ಸಾರಿ ಆಂಟಿ, ನನ್ನಿಂದ ಆಗ್ಲಿಲ್ಲ" ಅಂದಳು. ಅವಳ ಕಣ್ಣು ಕೆಂಪಾಗಿತ್ತು. ನನಗೆ ಒಳಗೊಳಗೇ ತಂಪಾಯಿತು.

ಮ್ಯಾನೇಜರು ಛತ್ರದ ಒಳಗೆಲ್ಲ ತೋರಿಸಿದ. ನಾನು ನಿಧಾನವಾಗಿ ನಡೆದೆ. ಕಂಬ ಮುಟ್ಟಿದೆ, ಕಿಟಕಿ ನೋಡಿದೆ, "ಚೆನ್ನಾಗೇನೋ ಇದೆ" ಅಂದೆ. ಇದು ಬಿಲ್ಕೀಸಳಿಗೆ ಸೂಚನೆ. ಈಗ ಅವಳು ಮೂಗು ಮುರಿದು, ಕಾರ್ಪೆಟ್ ನೋಡಿ, ಬೇಡ ಅನ್ನಬೇಕು. ಅವಳು ಏನೂ ಅನ್ನಲಿಲ್ಲ. ಇನ್ನೊಮ್ಮೆ, "ಸ್ವಲ್ಪ ಚಿಕ್ಕದಾಯ್ತೇನೋ ಅಲ್ವಾ?" ಅಂತ ಅವಳ ಕಡೆ ತಿರುಗಿದೆ. ಅವಳು ವೇದಿಕೆಯನ್ನು ನೋಡುತ್ತಾ ನಿಂತಿದ್ದಳು, ಕಣ್ಣಲ್ಲಿ ನೀರಿತ್ತು. ಅಲೀನಾ "ಇಟ್ಸ್ ಪರ್ಫೆಕ್ಟ್, ಆಂಟಿ" ಅಂದುಬಿಟ್ಟಳು. ಚೌಕಾಸಿ ಕೆಡಿಸಲಿಕ್ಕೆ ಇಷ್ಟು ಸಾಕು.

ಆಫೀಸು ಕೋಣೆಯಲ್ಲಿ ಕೂತೆವು. ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರು ನಕ್ಕು, ನಿಮಗೊಂದು ಒಳ್ಳೆಯ ಸುದ್ದಿ ಅಂದ. "ಆ ಇನ್ನೊಬ್ಬ ಮಹಿಳೆ ಇವತ್ತು ಬೆಳಿಗ್ಗೆ ಬೇಡ ಅಂತ ಮೆಸೇಜ್ ಬಿಟ್ಟಿದ್ದಾರೆ." ಮುಂದಿದ್ದ ಚೀಟಿ ನೋಡಿ ಕಷ್ಟಪಟ್ಟು ಓದಿದ. "ಮಿಸೆಸ್ ವೆಂ-ಕ-ಟಮ್ಮ. ಹಾಗಾಗಿ ರಂಜನಿ ಅವರಿಗೆ ಹೇಳಿದ್ದ ಏಳೂವರೆಗೇ ಕೊಡುತ್ತೇನೆ."

ರಂಜನಿ ಮೊದಲು ನಕ್ಕಳು. ಅವಳಿಗೆ ಬೇರೆ ಏನೂ ಹೊಳೆದಿರಲಿಲ್ಲ. "ವೆಂಕಟಮ್ಮ! ನಮ್ಮೋರೇ ಯಾರೋ! ಈ ಕಾಲದಲ್ಲಿ, ಅದೂ ಬೇ ಏರಿಯಾದಲ್ಲಿ, ವೆಂಕಟಮ್ಮ ಅಂತ ಯಾರಿದ್ದಾರೆ ಬಿಲ್ಕೀಸ್?"

ಬಿಲ್ಕೀಸ್ ನಗಲಿಲ್ಲ. ನಮ್ಮಜ್ಜಿಯ ಬದನೆಕಾಯಿ, ಸೀಬೆಹಣ್ಣಿನ ಕಥೆಯನ್ನು ನಾನು ಅವಳಿಗೆ ನೂರು ಸಲ ಹೇಳಿದ್ದೆ. ಅವಳು ಅದನ್ನು ಅಲೀನಾಳಿಗೆ ಹೇಳಿ ಮಲಗಿಸುತ್ತಿದ್ದಳು. ಅವಳು ತಿರುಗಿ ನನ್ನನ್ನು ನೋಡಿದಳು. ನಾನು ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡ್ ನೋಡಿದೆ. ಸುಮ್ಮನಿರಬೇಕಿತ್ತು. ಆದರೆ ಗಾಬರಿಯಲ್ಲಿ ನನ್ನ ಬಾಯಿ ತನ್ನ ಹಳೆಯ ಕೆಲಸಕ್ಕೆ ಹೊರಟಿತು. ಏಳಕ್ಕೆ ಮಾಡಿ, ಕುರ್ಚಿಗಳ ಬಟ್ಟೆ ಪುಕ್ಕಟೆ ಕೊಡಿ, ಅಂತ ಮ್ಯಾನೇಜರನಿಗೆ ಹೇಳತೊಡಗಿದೆ.

"ಪದ್ಮಾ, ಸಾಕು," ಅಂದಳು ಬಿಲ್ಕೀಸ್. ಮ್ಯಾನೇಜರನ ಕೈಯಿಂದ ಕಾಗದ ತೆಗೆದುಕೊಂಡು, ಏಳೂವರೆ ಅಂತ ಬರೆದಿದ್ದ ಕಡೆ ಸಹಿ ಹಾಕಿದಳು. ರಂಜನಿಗೆ "ನೀನ್ ಮಾಡಿದ್ ರೇಟೇ ನಂಗೆ ಸಾಕಮ್ಮ" ಅಂದಳು.

ಹೊರಗೆ ಬಂದ ಮೇಲೆ ರಂಜನಿಯನ್ನೂ ಅಲೀನಾಳನ್ನೂ ಕಾರಿನ ಹತ್ತಿರ ಕಳಿಸಿ, ಬಿಲ್ಕೀಸ್ ನನ್ನೆದುರು ನಿಂತಳು. ಬಿಸಿಲು ಚೆನ್ನಾಗಿತ್ತು. ಫ್ರೀವೇ ಸದ್ದು ಕೇಳುತ್ತಿತ್ತು.

"ಫೋನ್ ಮಾಡಿದ್ದು ನೀನೇನಾ?"

"ಹೂಂ."

"ಯಾಕೆ?"

"ಹೊಟ್ಟೆಕಿಚ್ಚಿಗೆ," ಅಂದೆ. "ನೀನು ಅವಳ ಜೊತೆ ಹೋಗೋದು ನಂಗೆ ತಡ್ಕೊಳ್ಳೋಕಾಗ್ಲಿಲ್ಲ. ಅಲೀನಾ ಮದುವೆಗೂ ಅವಳೇನಾ ಅನ್ನಿಸ್ತು. ನಾನು ಕಡಿಮೆ ಮಾಡಿ ತೋರಿಸ್ಬೇಕು ಅಂತ... ಹೀಗಾಗತ್ತೆ ಅಂತ ಗೊತ್ತಿರ್ಲಿಲ್ಲ ಕಣೆ."

ಅವಳು ಬೈಯುತ್ತಾಳೆ ಅಂತ ಕಾದೆ. ಅವಳ ಬೈಗುಳ ನನಗೆ ಅಭ್ಯಾಸ, ಕೇಳಿದರೆ ಹಗುರವಾಗುತ್ತದೆ. ಅವಳು ಮೆಲ್ಲಗೆ ಮಾತಾಡಿದಳು.

"ನಾವಿಬ್ರೂ ಹೋದಾಗೆಲ್ಲ ಬೇಡ ಅನ್ನೋಳು ನಾನು. ಸೋಫಾ ಬೇಡ, ಹಾಸ್ಗೆ ಬೇಡ, ಕಾರ್ ಬೇಡ, ಎಲ್ಲಾದಕ್ಕೂ ಹುಳುಕು ಹೇಳೋಳು ನಾನು. ನನ್ ಮಗಳು ನಿಕಾಹ್‌ಗೆ ಕೂತ್ಕೊಳ್ಳೋ ಜಾಗಕ್ಕೆ ಆ ಮಾತು ಸುಳ್ಳಿಗೂ ನನ್ ಬಾಯಲ್ಲಿ ಬರ್ಬಾರ್ದು ಅಂತಿತ್ತು ನಂಗೆ. ನಿಂಗೆ ಹೇಳಿದ್ರೆ ನಗ್ತೀಯ ಅಂತ ಸುಮ್ನಿದ್ದೆ. ರಂಜನಿ ಜೊತೆ ಆದ್ರೆ ನಾನು ಏನೂ ಅನ್ನೋ ಹಾಗಿರ್ಲಿಲ್ಲ. ಅವಳದ್ದು ಬರೀ ಈಮೇಲು. ಅಷ್ಟೇ ಇದ್ದಿದ್ದು ಪದ್ಮಾ. ಅದು ಮುಗಿದ್ಮೇಲೆ ಬಟ್ಟೆ, ಒಡವೆ, ಅಡುಗೆ ಎಲ್ಲಾ ನಿನ್ ಜೊತೆ ಅಂತಿದ್ದೆ."

ನಾನು ಅವಳ ಕೈ ಹಿಡಿದುಕೊಳ್ಳಲು ಹೋದೆ. ಅವಳು ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಐದ್ ದಿನ ಆಯ್ತು ನಾನು ನಿದ್ದೆ ಮಾಡಿ. ಡೇಟ್ ಹೋದ್ರೆ ಹುಡುಗನ ಮನೆಯೋರಿಗೆ ಏನು ಹೇಳ್ಲಿ ಅಂತ. ನೀನು ಗೊತ್ತಿದ್ದೂ ಸುಮ್ನಿದ್ಯಲ್ಲ. 'ನಾನಿದ್ದೀನಿ ಹೆದರ್ಬೇಡ' ಅಂದ್ಯಲ್ಲ." ಕಾರಿನ ಕಡೆ ತಿರುಗಿದಳು. "ಮದುವೆಗೆ ಬಾ. ವ್ಯಾಸರಾಜ್ ಅವ್ರನ್ನೂ ಕರ್ಕೊಂಡ್ ಬಾ. ಬಂದು ಹುಡುಗೀನ ಹರಸಿ, ಊಟ ಮಾಡ್ಕೊಂಡು ಹೋಗಿ."

ಊಟ ಮಾಡಿಕೊಂಡು ಹೋಗಿ ಅಂದಳು. ಹೊರಗಿನವರಿಗೆ ಹೇಳುವ ಮಾತು. ನನಗೂ ಸೇರಿಸಿ ಬಹುವಚನ ಹಾಕಿದಳು. ಕಾರಿನ ಕಿಟಕಿಯಿಂದ ಅಲೀನಾ ಕೈ ಬೀಸಿದಳು, ರಂಜನಿ ಸ್ಟೀರಿಂಗ್ ಹಿಡಿದಿದ್ದಳು. ಬಿಲ್ಕೀಸ್ ಹೋಗಿ ಅವಳ ಪಕ್ಕದ ಸೀಟಿನಲ್ಲಿ ಕೂತಳು.

ಮಾರ್ಚ್, ಏಪ್ರಿಲ್ ಎರಡೂ ತಿಂಗಳು ನಾನು ಮೆಸೇಜ್ ಹಾಕಿದೆ. ಉತ್ತರ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು, "ಚೆನ್ನಾಗಿದ್ದೀವಿ, ನೀವು ಹೇಗಿದ್ದೀರಾ" ಅಂತ. ಬಟ್ಟೆಗೆ ರಂಜನಿ ಹೋದಳಂತೆ. ಅಡುಗೆಯವನನ್ನು ಗೊತ್ತುಮಾಡಲೂ ರಂಜನಿಯೇ. ಇದನ್ನೆಲ್ಲ ಬಳಗದ ಭಾವನಾ ಬಂದು ಬಂದು ನನಗೆ ಹೇಳುತ್ತಿದ್ದಳು, ನಿನಗೆ ಗೊತ್ತೇ ಇರತ್ತಲ್ಲ ಅನ್ನುತ್ತಾ. ಗೊತ್ತು ಅನ್ನುತ್ತಿದ್ದೆ.

ಮೇ ತಿಂಗಳ ಒಂದು ಭಾನುವಾರ ರಂಜನಿ ಫೋನು ಮಾಡಿದಳು. ಅವಳಿಗೆ ಯಾರೂ ಏನೂ ಹೇಳಿಲ್ಲ ಅಂತ ಆಗ ತಿಳಿಯಿತು. "ಆಂಟಿ, ನಿನ್ನೆ ಬಿಲ್ಕೀಸ್, ಜಲಾಲ್ ಭಾಯ್, ಅಲೀನಾ ಎಲ್ಲಾ ಮನೆಗೆ ಬಂದು ಕಾರ್ಡ್ ಕೊಟ್ರು, ಸ್ವೀಟ್ ಬಾಕ್ಸ್ ಜೊತೆ. ಕೆಳಗಡೆ ಮನೆಯೋರು, ಸುಮ್ನೆ ಕೊಟ್ಟಿದ್ರೂ ಆಗ್ತಿತ್ತು, ಡ್ರೆಸ್ ಮಾಡ್ಕೊಂಡು ಬಂದಿದ್ರು ಪಾಪ. ನಿಮ್ಮನೆಗೆ ಮೊದ್ಲೇ ಬಂದಿರ್ತಾರಲ್ವಾ?"

"ಹೂಂ, ಬಂದಿದ್ರು" ಅಂದೆ.

ಬುಧವಾರ ವ್ಯಾಸರಾಜರು ಅಂಚೆ ಪೆಟ್ಟಿಗೆಯಿಂದ ಕಾಗದಗಳನ್ನು ತಂದು ಊಟದ ಮೇಜಿನ ಮೇಲೆ ಹಾಕಿದರು. ಕರೆಂಟ್ ಬಿಲ್ಲು, ಯಾವುದೋ ಜಾಹೀರಾತು, ನಡುವೆ ಹಸಿರು ಬಣ್ಣದ ದಪ್ಪ ಲಕೋಟೆ. ಮೇಲೆ ಅಂಚೆಚೀಟಿ, ನಮ್ಮ ವಿಳಾಸ, ಮುದ್ರಿಸಿದ ಅಕ್ಷರದಲ್ಲಿ ಮಿಸ್ಟರ್ ಅಂಡ್ ಮಿಸೆಸ್ ವ್ಯಾಸರಾಜ.

"ಇದೇನೆ, ಬಿಲ್ಕೀಸ್ ನಮಗೆ ಪೋಸ್ಟಲ್ಲಿ ಕಳಿಸಿದ್ದಾಳೆ?" ಅಂದರು. ದೂರದವರಿಗೆ, ಆಫೀಸಿನವರಿಗೆ ಪೋಸ್ಟು. ಬೇಕಾದವರ ಮನೆಗೆ ಬಂದು ಕರೆಯುತ್ತಾರೆ. ಅಷ್ಟು ಅವರಿಗೂ ಗೊತ್ತು. "ನಮಗೆ ಕಾರ್ಡೇ ಬೇಕಾಗಿರ್ಲಿಲ್ಲ. ನೀನೇ ನಿಂತು ಮಾಡ್ಸೋ ಮದುವೆ ಅಲ್ವಾ?"

"ಮದುವೆ ಮನೆ, ಬ್ಯುಸಿ ಇರ್ತಾಳೆ" ಅಂದೆ.

ಒಳಗೊಂದು ಚಿಕ್ಕ ಕಾರ್ಡಿತ್ತು, ವಾಪಸ್ ಕಳಿಸುವುದಕ್ಕೆ. ಎಷ್ಟು ಜನ ಬರುತ್ತೀರಿ ಅಂತ ಕೇಳಿ ಒಂದು ಗೆರೆ ಬಿಟ್ಟಿದ್ದರು. ವ್ಯಾಸರಾಜರ ಹತ್ತಿರ ಪೆನ್ ಇಸಿದುಕೊಂಡು ಎರಡು ಅಂತ ಬರೆದೆ.